ವ್ಯಾನ್ ಕೊಳ್ಳುವ ಮುನ್ನ: ಡೆಲಿವರಿಗೂ ಮನೆಗಾಡಿಗೂ ಒಂದಿಷ್ಟು ಸೂತ್ರಗಳು

ಹೊಸದಾಗಿ ಡೆಲಿವರಿ ಕೆಲಸಕ್ಕೆ ಇಳಿಯುವವರು ಗಾಡಿ ಸ್ಟ್ಯಾಂಡಿನಲ್ಲಿ ಕೇಳುವ ಮೊದಲ ಪ್ರಶ್ನೆ, ‘ಅಣ್ಣಾ, ಯಾವ ಗಾಡಿ ಚೆನ್ನಾಗಿ ಓಡ್ತಿದೆ?’ ಉತ್ತರ ಥಟ್ಟನೆ ಬರುತ್ತದೆ. ಏಸ್ ಇಟ್ಟವರು ಏಸ್ ಅನ್ನುತ್ತಾರೆ, ಪಿಕಪ್ ಇಟ್ಟವರು ಪಿಕಪ್ ಅನ್ನುತ್ತಾರೆ. ‘ಯಾಕೆ?’ ಅಂತ ಎರಡನೇ ಪ್ರಶ್ನೆ ಕೇಳುವವರು ಕಡಿಮೆ. ದುಡ್ಡು ಇರುವುದು ಆ ಎರಡನೇ ಪ್ರಶ್ನೆಯಲ್ಲಿ. ಒಂದು ಗಾಡಿ ಲಕ್ಷಗಟ್ಟಲೆ ಮಾರಾಟವಾಗಿದೆ ಅಂದರೆ ಅದು ಯಾರದೋ ಒಂದು ತೊಂದರೆಯನ್ನು ಬಗೆಹರಿಸಿದೆ. ಆ ತೊಂದರೆ ನಿಮಗೂ ಇದೆಯೋ ಇಲ್ಲವೋ ನೋಡಿಕೊಂಡು ಮುಂಗಡ ಕೊಡಿ. ಸಾಮಾನು ಸಾಗಿಸುವ ವ್ಯಾನಿಗೂ, ವ್ಯಾನಿನಲ್ಲೇ ಹಾಸಿಗೆ ಹಾಸಿಕೊಂಡು ಊರೂರು ಸುತ್ತುವ ಮೋಟರ್‌ಹೋಮಿಗೂ ಲೆಕ್ಕ ಇದೇ.

1. ಆ ಗಾಡಿ ಯಾವ ಕೊರತೆ ತುಂಬಿತು, ಕೇಳಿ

2005ರ ಮೇ ತಿಂಗಳಲ್ಲಿ ಟಾಟಾ ಏಸ್ ರಸ್ತೆಗಿಳಿಯುವ ತನಕ ಚಿಲ್ಲರೆ ಲೋಡಿಗೆ ಇದ್ದದ್ದು ಹೆಚ್ಚುಕಡಿಮೆ ಎರಡೇ ದಾರಿ. ಒಂದು ಮೂರು ಚಕ್ರದ ಗೂಡ್ಸ್ ಆಟೊ, ಇನ್ನೊಂದು ಟಾಟಾ 407ರಂಥ ಲಾರಿ. ಆಟೊ ಹೆದ್ದಾರಿಯಲ್ಲಿ ಏದುಸಿರು ಬಿಡುತ್ತಿತ್ತು, ಲಾರಿ ಗಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಟಾಟಾ ಕಂಪನಿಯ ಗಿರೀಶ್ ವಾಘ್ ಮುಂದಾಳತ್ವದ ತಂಡ ಕಾಗದದ ಮೇಲೆ ಗೆರೆ ಎಳೆಯುವ ಮೊದಲು ಆಟೊ ಓಡಿಸುವವರ ಹತ್ತಿರ ಹೋಗಿ ಮಾತಾಡಿಸಿತು. ಅವರಲ್ಲೊಬ್ಬ, ನಾಲ್ಕು ಚಕ್ರದ ಗಾಡಿ ಇದ್ದರೆ ಹೆಣ್ಣು ಕೊಡುವವರು ಸಿಕ್ಕಾರು ಅಂದನಂತೆ. ಆ ಕಥೆ ಗಾಡಿಯ ಜೊತೆಗೇ ದೇಶ ಸುತ್ತಿದೆ. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಅರ್ಧ ಮಾಡಿದಂಥ 702 ಸಿಸಿ ಎಂಜಿನ್, ಎರಡು ಸಿಲಿಂಡರ್, ಮುಕ್ಕಾಲು ಟನ್ ಹೊರೆ, ಎರಡು ಲಕ್ಷ ಚಿಲ್ಲರೆ ಬೆಲೆ. ‘ಛೋಟಾ ಹಾಥಿ’ ಎಂಬ ಅಡ್ಡಹೆಸರಿನಲ್ಲಿ 20 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು.

ನಿಮ್ಮ ಲೋಡು ಮುಕ್ಕಾಲು ಟನ್ನಿನೊಳಗೆ, ಓಡಾಟ ಊರಿನೊಳಗೆ ಎಂದರೆ ಈ ಗಾಡಿ ನಿಮಗಾಗಿಯೇ ಹುಟ್ಟಿದ್ದು. ವಾರಕ್ಕೆ ನಾಲ್ಕು ಸಲ ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಅರಬೈಲ್ ಘಾಟಿ ಇಳಿದು, ಮತ್ತೆ ಲೋಡು ಹೊತ್ತು ಹತ್ತುವವರಾದರೆ, ಎಷ್ಟು ಲಕ್ಷ ಜನ ಕೊಂಡಿದ್ದರೂ ಅದು ನಿಮ್ಮ ಗಾಡಿಯಲ್ಲ.

2. ಕೆಲಸ ತಪ್ಪಿದರೆ ಒಳ್ಳೆಯ ಗಾಡಿಯೂ ಸೋಲುತ್ತದೆ

ಮಾರುತಿ ವರ್ಸಾ ನೆನಪಿದೆಯೇ? 2001ರಲ್ಲಿ ಅಮಿತಾಭ್ ಬಚ್ಚನ್, ಅಭಿಷೇಕ್ ಬಚ್ಚನ್ ಇಬ್ಬರನ್ನೂ ಜಾಹೀರಾತಿಗೆ ಕರೆತಂದು, ‘ದೊಡ್ಡ ಕುಟುಂಬದ ಕಾರು’ ಎಂದು ಮಾರಲು ಹೊರಟರು. ಜನ ಕಾರಿನ ಬೆಲೆಗೆ ವ್ಯಾನು ಕೊಳ್ಳಲು ಒಪ್ಪಲಿಲ್ಲ. ಅದೇ ಗಾಡಿಯ ಮೈಯಿಂದ ಆಡಂಬರವನ್ನೆಲ್ಲ ಇಳಿಸಿ, 1.2 ಲೀಟರಿನ ಎಂಜಿನ್ ಕೂರಿಸಿ, 2010ರ ಜನವರಿಯಲ್ಲಿ ಈಕೋ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಬಿಟ್ಟರು. 2023ರ ಹೊತ್ತಿಗೆ 10 ಲಕ್ಷ ದಾಟಿತು. ಶಾಲೆ ಮಕ್ಕಳು, ಬೇಕರಿ ಬ್ರೆಡ್ಡು, ಕೊರಿಯರ್ ಚೀಲ, ಆಂಬುಲೆನ್ಸ್, ಮದುವೆಯ ಅಡುಗೆ ಸಾಮಾನು, ಅದು ಹೊರದ ವಸ್ತುವಿಲ್ಲ. ತಗಡು ಹಳೆಯದೇ, ಒಪ್ಪಿಸಿದ ಕೆಲಸ ಬೇರೆ.

ಕಂಪನಿಗಳೇ ಹೀಗೆ ಎಡವುವಾಗ ನೀವು ಎಚ್ಚರದಿಂದಿರಬೇಕು. ವಾರದ ಆರು ದಿನ ಬಾಡಿಗೆ, ಭಾನುವಾರ ಹೆಂಡತಿ ಮಕ್ಕಳ ಜೊತೆ ಧರ್ಮಸ್ಥಳ ಎಂದು ಒಂದೇ ಗಾಡಿಗೆ ಎರಡು ಕನಸು ತೊಡಿಸಲು ಹೋಗುವವರು ಎರಡಕ್ಕೂ ಅರೆಬರೆ ಆಗುವ ಗಾಡಿ ತರುತ್ತಾರೆ.

3. ನಿಮ್ಮ ಲೋಡು ತೂಕದ್ದೋ, ಜಾಗದ್ದೋ?

ಇದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳದೆ ಶೋರೂಮಿನ ಮೆಟ್ಟಿಲು ಹತ್ತಬೇಡಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ಸುಮಾರು 15 ಕಿಲೊ. ನೂರು ಕ್ರೇಟು ಏರಿಸಿದರೆ ಒಂದೂವರೆ ಟನ್. ಇದು ತೂಕದ ಲೋಡು. ಇಲ್ಲಿ ಬೊಲೆರೊ ಪಿಕಪ್ ಯಾಕೆ ಅಷ್ಟೊಂದು ಕಾಣುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಗಟ್ಟಿ ಚಾಸಿ, ಹಿಂದೆ ದಪ್ಪ ಲೀಫ್ ಸ್ಪ್ರಿಂಗ್, ಹೊಲದ ಬದುವಿನ ತನಕ ಹೋಗುವ ಎತ್ತರ. ಮಾದರಿಗೆ ತಕ್ಕಂತೆ ಒಂದೂಕಾಲು ಟನ್ನಿನಿಂದ ಎರಡು ಟನ್ನಿನವರೆಗೆ ಹೊರುತ್ತದೆ. ಇದೇ ಸಾಲಿಗೆ 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂತು, ಹೊಸೂರಿನ ಕಾರ್ಖಾನೆಯಿಂದ. ಕಾರಿನಂಥ ಕ್ಯಾಬಿನ್, ಉದ್ದ ಕ್ಯಾರಿಯರ್ ಬೇಕೆಂದವರು ಅತ್ತ ಸರಿದರು.

ಇನ್ನು ಆನ್‌ಲೈನ್ ಪಾರ್ಸೆಲ್ ನೋಡಿ. ಪೆಟ್ಟಿಗೆ ದೊಡ್ಡದು, ಒಳಗಿರುವುದು ಒಂದು ಜೊತೆ ಚಪ್ಪಲಿ, ಉಳಿದದ್ದೆಲ್ಲ ಗಾಳಿ ಪ್ಯಾಕೆಟ್ಟು. ಗಾಡಿ ಮೇಲಿನ ತನಕ ತುಂಬಿದರೂ ಮುನ್ನೂರು ಕಿಲೊ ಆಗಿರುವುದಿಲ್ಲ. ಇಂಥ ಕೆಲಸಕ್ಕೆ ಎರಡು ಟನ್ನಿನ ಪಿಕಪ್ ಕೊಂಡವರು ದಿನವೂ ಖಾಲಿ ಶಕ್ತಿಗೆ ಡೀಸೆಲ್ ಹಾಕುತ್ತಾರೆ. ಅವರಿಗೆ ಬೇಕಾದ್ದು ಮುಚ್ಚಿದ ಡಬ್ಬ, ಚೌಕನೆಯ ಗೋಡೆ, ಬೀಗ.

ತಿರುವುಮುರುವು ಮಾಡಿ, ತೂಕದ ಲೋಡನ್ನು ಚಿಕ್ಕ ಗಾಡಿಗೆ ತುರುಕುವುದು ಇನ್ನೂ ದುಬಾರಿ. ಓವರ್‌ಲೋಡಿಗೆ ಕಾನೂನಿನಲ್ಲಿ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000. ದಂಡ ತಪ್ಪಿಸಿಕೊಂಡರೂ ಟೈರು, ಕ್ಲಚ್ಚು, ಬ್ರೇಕು ತಮ್ಮ ಪಾಲು ವಸೂಲಿ ಮಾಡುತ್ತವೆ. ‘ಎಲ್ಲರೂ ಹಾಕ್ತಾರೆ ಸಾರ್’ ಎನ್ನುವವರ ಗಾಡಿಯ ಹಿಂಭಾಗವನ್ನೊಮ್ಮೆ ಬಗ್ಗಿ ನೋಡಿ. ಸ್ಪ್ರಿಂಗಿಗೆ ಎಷ್ಟು ಪ್ಲೇಟು ಹೆಚ್ಚಿಗೆ ಸೇರಿಸಿದ್ದಾರೆ, ಎಣಿಸಬಹುದು.

4. ಬಾಗಿಲು ನೋಡಿ ಬೆಲೆ ಕಟ್ಟಿ

ದಿನಕ್ಕೆ ಎಪ್ಪತ್ತು ಮನೆ ಮುಂದೆ ನಿಲ್ಲುವವರಿಗೆ ಎಂಜಿನ್ನಿಗಿಂತ ಬಾಗಿಲು ಮುಖ್ಯ. ಒಂದು ನಿಲುಗಡೆಯಲ್ಲಿ ಅರ್ಧ ನಿಮಿಷ ಉಳಿದರೆ ಸಂಜೆಗೆ 35 ನಿಮಿಷ. ಅಷ್ಟರಲ್ಲಿ ಇನ್ನೂ ಕೆಲವು ಪಾರ್ಸೆಲ್ ಮುಗಿಯುತ್ತವೆ. ಪಕ್ಕಕ್ಕೆ ಸರಿಯುವ ಬಾಗಿಲು ಗಲ್ಲಿಯಲ್ಲಿ ಬೈಕಿನವರಿಗೆ ಬಡಿಯುವುದಿಲ್ಲ. ಪಾದಚಾರಿ ಮಾರ್ಗದ ಕಡೆಯಿಂದಲೇ ಸಾಮಾನು ತೆಗೆಯಬಹುದು. ನೆಲ ತಗ್ಗಿದ್ದರೆ ಮಂಡಿ ಉಳಿಯುತ್ತದೆ.

1984ರಲ್ಲಿ ಬಂದು 2019ರಲ್ಲಿ ನಿಂತ ಮಾರುತಿ ಓಮ್ನಿ 35 ವರ್ಷ ಬಾಳಿದ್ದರ ಹಿಂದೆ 796 ಸಿಸಿ ಎಂಜಿನ್ನಿಗಿಂತ ಹೆಚ್ಚಾಗಿ ಆ ಬಾಗಿಲಿನ ಕೈವಾಡವಿದೆ. ಸಿನಿಮಾಗಳಲ್ಲಿ ಅಪಹರಣ ಅಂದರೆ ಓಮ್ನಿಯೇ ಬರಬೇಕಿತ್ತಲ್ಲ, ಅದೂ ಇದೇ ಕಾರಣಕ್ಕೆ. ಬಾಗಿಲು ಸರ್ರೆಂದು ಸರಿಯುತ್ತದೆ, ನಾಲ್ಕು ಕೈ ಹೊರಗೆ ಬರುತ್ತವೆ, ಗಾಡಿ ಹೊರಟೇಬಿಡುತ್ತದೆ. ಇಂಗ್ಲೆಂಡಿನಲ್ಲಿ ಈ ಖ್ಯಾತಿ 1965ರಲ್ಲಿ ಹುಟ್ಟಿದ ಫೋರ್ಡ್ ಟ್ರಾನ್ಸಿಟ್‌ನದು. ಬ್ಯಾಂಕ್ ದರೋಡೆಗಳಲ್ಲಿ ನೂರಕ್ಕೆ 95ರಷ್ಟು ಟ್ರಾನ್ಸಿಟ್ ಬಳಕೆಯಾಗುತ್ತಿದೆ ಎಂದು 1972ರಲ್ಲಿ ಲಂಡನ್ ಪೊಲೀಸರು ಹೇಳಿದ್ದು ಇವತ್ತಿಗೂ ಆ ಗಾಡಿಯ ಚರಿತ್ರೆಯ ಭಾಗ. ಬೇಗ ತುಂಬಿ ಬೇಗ ಹೊರಡಬೇಕಾದವರೆಲ್ಲ ಒಂದೇ ಗಾಡಿ ಆರಿಸುತ್ತಾರೆ, ಕೊರಿಯರ್ ಹುಡುಗನಾದರೂ ಅಷ್ಟೇ, ಕಳ್ಳನಾದರೂ ಅಷ್ಟೇ.

ಟೆಸ್ಟ್ ಡ್ರೈವ್ ಹೋದಾಗ ಗಾಡಿ ಓಡಿಸಿ ಬರುವುದಷ್ಟೇ ಅಲ್ಲ, ಒಂದು ಖಾಲಿ ಪೆಟ್ಟಿಗೆ ಜೊತೆಗಿರಲಿ. ಅದನ್ನು ಹತ್ತು ಸಲ ಒಳಗಿಟ್ಟು ಹೊರತೆಗೆಯಿರಿ. ಸೇಲ್ಸ್‌ನವರು ವಿಚಿತ್ರವಾಗಿ ನೋಡಿದರೆ ನೋಡಲಿ.

5. ಮೆಕ್ಯಾನಿಕ್ ಇಲ್ಲದ ಊರಿಗೆ ಹೊಸ ಹೆಸರು ತರಬೇಡಿ

ಹೆಚ್ಚು ಮಾರಾಟವಾದ ಗಾಡಿಯ ನಿಜವಾದ ಲಾಭ ಇಲ್ಲಿದೆ. ಕೆಟ್ಟು ನಿಂತಾಗ ಬೀದಿಬದಿಯ ಗ್ಯಾರೇಜಿನ ಹುಡುಗನಿಗೂ ಅದರ ಒಳಗು ಬಾಯಿಪಾಠ. ಬಿಡಿಭಾಗ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುತ್ತದೆ, ಅಲ್ಲಿಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಾತ್ರಿ ಬಸ್ಸಿಗೆ ಹಾಕಿಸಿದರೆ ಬೆಳಿಗ್ಗೆ ಕೈಗೆ ಬರುತ್ತದೆ. ಕಡಿಮೆ ಓಡುವ ಬ್ರ್ಯಾಂಡಿನ ಗಾಡಿ ಕಾಗದದ ಮೇಲೆ ಎಷ್ಟೇ ಮೇಲಾಗಿರಲಿ, ಒಂದು ಸೆನ್ಸರಿಗಾಗಿ ಹತ್ತು ದಿನ ನಿಂತರೆ ಮೈಲೇಜಿನಲ್ಲಿ ವರ್ಷವಿಡೀ ಉಳಿಸಿದ್ದು ಅಲ್ಲೇ ಕರಗುತ್ತದೆ. ತಿಂಗಳ ಕಂತು 12,000 ಎಂದಿಟ್ಟುಕೊಳ್ಳಿ. ಗಾಡಿ ನಿಂತ ದಿನವೂ 400 ರೂಪಾಯಿ ಹೋಗುತ್ತಲೇ ಇರುತ್ತದೆ, ಬಾಡಿಗೆ ತಪ್ಪಿದ್ದು ಬೇರೆ, ಗಿರಾಕಿ ಬೇರೆಯವರ ಗಾಡಿ ಕರೆದದ್ದು ಬೇರೆ. ಹೋದ ಗಿರಾಕಿ ರಿಪೇರಿ ಮುಗಿದ ಮೇಲೆ ತಾನಾಗಿ ಮರಳುವುದಿಲ್ಲ.

ಒಂದು ಸಣ್ಣ ಪರೀಕ್ಷೆ: ನಿಮ್ಮ ಮಾರ್ಗದ ಎರಡು ತುದಿಯ ಊರುಗಳಲ್ಲಿ ಗ್ಯಾರೇಜಿಗೆ ಹೋಗಿ, ‘ಇದರ ಕ್ಲಚ್ ಸೆಟ್ ಇದೆಯಾ? ಎಷ್ಟು?’ ಎಂದು ಕೇಳಿ. ಉತ್ತರ ಹೇಳುವ ಮೊದಲು ಅವರು ಫೋನ್ ತೆಗೆದರೆ ಯೋಚಿಸಿ.

6. ಮೂತಿಯ ಮೇಲಿನ ಹೆಸರು ಕಿತ್ತು ನೋಡಿ

ಯುರೋಪಿನಲ್ಲಿ ‘ಯಾವ ವ್ಯಾನು ಒಳ್ಳೆಯದು, ಫಿಯೆಟ್ಟೋ ಪೂಜೊನೋ ಸಿಟ್ರೊಯೆನ್ನೋ?’ ಎಂದು ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಮೂರೂ ಒಂದೇ ಗಾಡಿ, ಇಟಲಿಯ ಅತೆಸ್ಸಾ ಎಂಬ ಊರಿನ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾಗುತ್ತಾ ಬಂದದ್ದು. ಫಿಯೆಟ್ ಡುಕಾಟೊ ಎಂದರೂ ಅದೇ, ಪೂಜೊ ಬಾಕ್ಸರ್ ಎಂದರೂ ಅದೇ, ಸಿಟ್ರೊಯೆನ್ ಜಂಪರ್ ಎಂದರೂ ಅದೇ. 2021ರಿಂದ ಓಪೆಲ್ ಮೊವಾನೊ ಕೂಡ ಅದೇ. ಅಮೆರಿಕದಲ್ಲಿ ರ‍್ಯಾಮ್ ಪ್ರೊಮಾಸ್ಟರ್ ಎಂಬ ವೇಷದಲ್ಲಿ ಓಡುವುದೂ ಇದರ ಒಡಹುಟ್ಟೇ. ಫೋಕ್ಸ್‌ವ್ಯಾಗನ್ ಕ್ರಾಫ್ಟರ್‌ನ ಮೊದಲ ತಲೆಮಾರನ್ನು ಕಟ್ಟಿಕೊಟ್ಟದ್ದು ಮರ್ಸಿಡಿಸ್, ಸ್ಪ್ರಿಂಟರ್ ಜೊತೆಜೊತೆಗೆ. ಫೋಕ್ಸ್‌ವ್ಯಾಗನ್ ಹೆಸರಿನ ಈಗಿನ ಹೊಸ ಟ್ರಾನ್ಸ್‌ಪೋರ್ಟರ್ ಫೋರ್ಡ್ ಟ್ರಾನ್ಸಿಟ್ ಕಸ್ಟಮ್‌ನ ತಳಹದಿ ಮೇಲೆ ನಿಂತಿದೆ.

ಅಲ್ಲಿ ನೆಲೆಸಿದ ನಮ್ಮವರು ಹಳೆಯ ವ್ಯಾನು ಹುಡುಕುವಾಗ ಇದು ನೇರವಾಗಿ ಜೇಬಿಗೆ ತಾಗುವ ವಿಷಯ. ಬೇಡಿಕೆಯಿರುವ ಹೆಸರಿನ ಗಾಡಿಗೆ ಮಾಲೀಕರು ಹೆಚ್ಚು ಕೇಳುತ್ತಾರೆ. ಅದೇ ಗಾಡಿ ಬೇರೆ ಮೂತಿಯಲ್ಲಿ ಕಡಿಮೆಗೆ ಸಿಗಬಹುದು. ಕೊಳ್ಳುವ ಮುಂಚೆ ಎಂಜಿನ್ ಯಾರದೆಂದು ಮಾತ್ರ ನೋಡಿಕೊಳ್ಳಿ. ತಗಡು ಒಂದೇ ಆದರೂ ಎಂಜಿನ್ ಕೆಲವು ವರ್ಷ ಬೇರೆ ಬೇರೆ ಇತ್ತು.

7. ಇಂಧನವನ್ನು ದಿನದ ಕಿಲೋಮೀಟರ್ ಆರಿಸಲಿ

ನಿಮ್ಮ ದಿನದ ಓಟ ಎಷ್ಟು? 60ರಿಂದ 80 ಕಿಲೋಮೀಟರ್, ರಾತ್ರಿ ಗಾಡಿ ಒಂದೇ ಕಡೆ ನಿಲ್ಲುತ್ತದೆ, ಅಲ್ಲಿ ಪ್ಲಗ್ ಇದೆ ಎಂದಾದರೆ ವಿದ್ಯುತ್ ಗಾಡಿಯ ಲೆಕ್ಕ ಹಾಕದೆ ಬೇರೆಯದನ್ನು ಕೊಳ್ಳಬೇಡಿ. ಏಸ್ ಇವಿ 2022ರ ಮೇ ತಿಂಗಳಲ್ಲಿ ಬಂದಾಗ ಹೇಳಿದ ಓಟ 154 ಕಿಲೋಮೀಟರ್. ಅದು ಪ್ರಮಾಣಪತ್ರದ ಅಂಕಿ, ಲೋಡು ಹೊತ್ತು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗುವಾಗ ಅಷ್ಟು ನಿರೀಕ್ಷಿಸಬೇಡಿ. ಬೆಂಗಳೂರು ಈ ವಿಷಯದಲ್ಲಿ ಹಳೆಯ ಹುಲಿ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ರಸ್ತೆಗೆ ಬಂದದ್ದು ಇಲ್ಲಿಂದ, 2010ರಲ್ಲಿ ಮಹೀಂದ್ರಾ ಅದನ್ನು ಕೊಂಡಿತು, ಇಂದು ನೀವು ನೋಡುವ ಟ್ರಿಯೊ ಸಾಲಿನ ವಿದ್ಯುತ್ ಆಟೊಗಳ ಬೇರು ಅಲ್ಲೇ. ಹೊರಗೂ ಗಾಳಿ ಅದೇ ದಿಕ್ಕಿಗೆ. 2018ರಲ್ಲಿ 20,000 ಸ್ಪ್ರಿಂಟರ್ ವ್ಯಾನಿಗೆ ಆರ್ಡರ್ ಕೊಟ್ಟ ಅಮೆಜಾನ್, ಮರುವರ್ಷ ರಿವಿಯನ್ ಎಂಬ ಹೊಸ ಕಂಪನಿಗೆ ಒಂದು ಲಕ್ಷ ವಿದ್ಯುತ್ ವ್ಯಾನು ಹೇಳಿತು.

ಕಾಗದದಲ್ಲೂ ಅನುಕೂಲವಿದೆ. ಸಾರಿಗೆ ಕೆಲಸದ ವಿದ್ಯುತ್ ಗಾಡಿಗೆ 2018ರಿಂದ ಪರ್ಮಿಟ್ ಬೇಕಿಲ್ಲ, ಜಿಎಸ್‌ಟಿ ಶೇ 5. ಹಸಿರು ಫಲಕದ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಯ ವಿದ್ಯುತ್ ಗಾಡಿ.

ದಿನಕ್ಕೆ 150 ದಾಟುತ್ತದೆ, ದಾರಿಯಲ್ಲಿ ಸಿಎನ್‌ಜಿ ಬಂಕ್ ಇದೆ ಎಂದರೆ ಸಿಎನ್‌ಜಿ. ಮುಚ್ಚಿದ ವ್ಯಾನಾದರೆ ಸಿಲಿಂಡರ್ ಒಳಗೆ ಕೂತು ಲೋಡಿನ ಜಾಗ ತಿನ್ನುತ್ತದೋ, ಅಡಿಯಲ್ಲಿದೆಯೋ ಬಗ್ಗಿ ನೋಡಿ. ಹಳ್ಳಿ, ಘಾಟಿ, ಭಾರ ಮೂರೂ ಸೇರಿದರೆ ಇನ್ನೂ ಡೀಸೆಲ್ಲೇ.

8. ಕಾಗದಪತ್ರ ಗಟ್ಟಿ ಇರಲಿ

ಬಾಡಿಗೆ ದುಡಿಮೆಗೆ, ವಿದ್ಯುತ್ ಗಾಡಿಯ ಹಸಿರು ಫಲಕ ಬಿಟ್ಟರೆ, ಎಲ್ಲೋ ಬೋರ್ಡೇ ಬೇಕು. ‘ನಮ್ದು ವೈಟ್ ಬೋರ್ಡ್, ಟ್ಯಾಕ್ಸ್ ಕಮ್ಮಿ’ ಎಂದು ಹೆಮ್ಮೆಪಡುವವರು ಅಪಘಾತವಾದ ದಿನ ವಿಮೆ ಕಂಪನಿಯ ಕೌಂಟರಿನಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ಒಟ್ಟು ತೂಕ 3,000 ಕಿಲೊ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಚಿಕ್ಕ ಗಾಡಿಗಳ ಜನಪ್ರಿಯತೆಗೆ ಇದೂ ಒಂದು ಸದ್ದಿಲ್ಲದ ಕಾರಣ. ಲೈಸೆನ್ಸ್ ವಿಷಯದಲ್ಲಿ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಬಗೆಹರಿಸಿತು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೊಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಹೊಸ ಗಾಡಿಗೆ ಎರಡು ವರ್ಷ, ಆಮೇಲೆ ಎಂಟು ವರ್ಷ ತುಂಬುವ ತನಕ ಎರಡೆರಡು ವರ್ಷಕ್ಕೆ, ನಂತರ ಪ್ರತಿ ವರ್ಷ. ಸರಕಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಫೋಟೊ ಇದ್ದರೆ ಸಾಕು.

9. ಹಳೆಯ ಗಾಡಿಯಲ್ಲಿ ವರ್ಷ ನೋಡಿ, ನೆನಪಿಗೆ ದುಡ್ಡು ಸುರಿಯಬೇಡಿ

ಎಂಟನೇ ವರ್ಷದ ಹತ್ತಿರ ಬಂದ ಗಾಡಿಗಳು ಮಾರುಕಟ್ಟೆಯಲ್ಲಿ ಯಾಕೆ ಗುಂಪುಗುಂಪಾಗಿ ಕಾಣುತ್ತವೆ ಎಂಬುದು ಮೇಲಿನ ಎಫ್‌ಸಿ ಲೆಕ್ಕ ಓದಿದರೆ ತಿಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೆ ಹಿಂದಿನ ರೇಟೇ ಹೇಳುವವರ ಹತ್ತಿರ ಚೌಕಾಸಿಗೆ ಇದೊಂದೇ ಮಾತು ಸಾಕು.

ಫೋಕ್ಸ್‌ವ್ಯಾಗನ್‌ನ ಹಳೆಯ ಕ್ಯಾಂಪರ್ ವ್ಯಾನಿಗೆ ಮನಸೋತವರಿಗೆ ಒಂದು ಮಾತು. ಬೆನ್ ಪಾನ್ ಎಂಬ ಡಚ್ ವ್ಯಾಪಾರಿ 1947ರಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿದ ಚಿತ್ರದಿಂದ ಹುಟ್ಟಿ, 1950ರಲ್ಲಿ ತಯಾರಿಕೆ ಶುರುವಾದ ಗಾಡಿ ಅದು. ಮಾರನೇ ವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಹಾಸಿಗೆ, ಬೀರು ಕೂರಿಸತೊಡಗಿತು. ಬ್ರೆಜಿಲಿನಲ್ಲಿ 2013ರ ತನಕ ಅದರ ವಂಶ ನಡೆಯಿತು, ಏರ್‌ಬ್ಯಾಗ್ ಮತ್ತು ಎಬಿಎಸ್ ಕಡ್ಡಾಯವಾದಾಗ ನಿಂತಿತು. ನಮ್ಮ ಓಮ್ನಿ ನಿಂತದ್ದೂ ಸುರಕ್ಷತೆಯ ಹೊಸ ನಿಯಮದ ಹೊಡೆತಕ್ಕೇ. ಎರಡರಲ್ಲೂ ಮುಂದೆ ಕೂತವರ ಮಂಡಿಗೂ ಎದುರು ಬರುವ ಲಾರಿಗೂ ನಡುವೆ ಒಂದು ತಗಡು ಮಾತ್ರ. ಫೋಟೊಗೆ ಚೆನ್ನ, ಮನೆಮಂದಿಯನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಗೆ ನಾನು ಬೇಡವೆನ್ನುತ್ತೇನೆ.

10. ಮನೆಗಾಡಿಯಾದರೆ ಮೊದಲು ಮಲಗಿ ನೋಡಿ

ಡೆಲಿವರಿಯವರ ಆಯ್ಕೆಗೂ ಮೋಟರ್‌ಹೋಮ್ ಕಟ್ಟುವವರ ಆಯ್ಕೆಗೂ ಇರುವ ಅಂತರ ಯುರೋಪಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇಂಗ್ಲೆಂಡಿನ ಬೀದಿಯಲ್ಲಿ ಸಾಮಾನು ಹೊರುವುದರಲ್ಲಿ ಟ್ರಾನ್ಸಿಟ್ ಕುಟುಂಬವೇ ಮುಂದು. ಆದರೆ ಮೋಟರ್‌ಹೋಮುಗಳ ಶಿಬಿರಕ್ಕೆ ಹೋದರೆ ಸಾಲುಸಾಲಾಗಿ ಡುಕಾಟೊ. ಯುರೋಪಿನ ನಾಲ್ಕು ಮೋಟರ್‌ಹೋಮಿನಲ್ಲಿ ಮೂರು ತನ್ನ ತಳಹದಿಯವು ಎಂದು ಫಿಯೆಟ್ ಬಹುಕಾಲ ಹೇಳಿಕೊಂಡಿತು. ಎಂಜಿನ್ನಿನ ತಾಕತ್ತಿನಿಂದ ಬಂದ ಗೆಲುವಲ್ಲ ಇದು. ಅಳತೆಯಿಂದ ಬಂದದ್ದು.

ಡುಕಾಟೊದ ಒಳ ಅಗಲ ಸುಮಾರು 1.87 ಮೀಟರ್. ಗೋಡೆ ನೆಟ್ಟಗೆ. ಶಾಖ ತಡೆಯುವ ಪದರ, ಒಳಹೊದಿಕೆ ಎಲ್ಲ ಕಳೆದರೂ ಸಾಧಾರಣ ಎತ್ತರದವರು ಅಡ್ಡಡ್ಡ ಮಲಗಬಹುದು. ಅಡ್ಡ ಮಲಗಿದರೆ ಹಾಸಿಗೆ ಗಾಡಿಯ ಉದ್ದದಲ್ಲಿ ಒಂದೂವರೆ ಮೀಟರಿಗಿಂತ ಕಡಿಮೆ ತಿನ್ನುತ್ತದೆ. ಉದ್ದುದ್ದ ಮಲಗಿದರೆ ಎರಡು ಮೀಟರ್. ಉಳಿದ ಆ ಅರ್ಧ ಮೀಟರಿನಲ್ಲಿ ಒಂದು ಅಡುಗೆ ಕಟ್ಟೆ ಕೂರುತ್ತದೆ. ಸ್ಪ್ರಿಂಟರ್‌ನ ಒಳ ಅಗಲ 1.78 ಮೀಟರ್ ಆಸುಪಾಸು. ಒಂಬತ್ತು ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ, ಆದರೆ ಕಾಲು ಚಾಚಲು ಆಗುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಎರಡನೆಯದು ನೆಲ. ಡುಕಾಟೊದಲ್ಲಿ ಎಂಜಿನ್ ಮುಂದಿನ ಚಕ್ರ ತಿರುಗಿಸುತ್ತದೆ. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಹಾಗಾಗಿ ನೆಲವನ್ನು ತಗ್ಗಿಸಬಹುದು. ನೆಲ ತಗ್ಗಿದರೆ ಗಾಡಿಯ ಎತ್ತರ ಹೆಚ್ಚಿಸದೆ ಒಳಗೆ ನಿಂತು ಓಡಾಡಬಹುದು. ಮೂರನೆಯದು, ಫಿಯೆಟ್ ಮೋಟರ್‌ಹೋಮ್ ಕಟ್ಟುವವರನ್ನೇ ಗಿರಾಕಿ ಎಂದು ತಿಳಿದು ಅವರಿಗೆಂದೇ ಚಾಸಿ ಮಾಡಿಕೊಟ್ಟಿತು. ಹಿಂದಿನ ಚಕ್ರಗಳ ನಡುವಿನ ಅಂತರ ಅಗಲ, ಮುಂದಿನ ಸೀಟು ಹಿಂದಕ್ಕೆ ತಿರುಗಿ ಸೋಫಾ ಆಗುವ ಏರ್ಪಾಡು.

ಹಾಗೆಂದು ಸ್ಪ್ರಿಂಟರ್ ಕೀಳಲ್ಲ. ಅದರಲ್ಲಿ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಮಾದರಿ ಸಿಗುತ್ತದೆ. ಹಿಮ, ಬೆಟ್ಟ, ಒದ್ದೆ ಹುಲ್ಲಿನ ಏರಿನಲ್ಲಿ ಮುಂದಿನ ಚಕ್ರದ ಗಾಡಿ ಜಾರುವಾಗ ಅದು ಹತ್ತುತ್ತದೆ. ಅಮೆರಿಕದಲ್ಲಿ ಕಾಡುಮೇಡು ಸುತ್ತುವವರು ಅದಕ್ಕೆ ದುಬಾರಿ ಬೆಲೆ ತೆತ್ತರೂ ಬಿಡುವುದಿಲ್ಲ. 2021, 2022ರಲ್ಲಿ ಚಿಪ್ ಕೊರತೆಯಿಂದ ಡುಕಾಟೊ ಚಾಸಿ ಸಿಗದಾದಾಗ ಯುರೋಪಿನ ಮೋಟರ್‌ಹೋಮ್ ಕಂಪನಿಗಳು ಫೋರ್ಡ್, ಮರ್ಸಿಡಿಸ್ ಬಾಗಿಲು ತಟ್ಟಿದವು. ಒಂದೇ ಚಾಸಿಯನ್ನು ನೆಚ್ಚಿ ಕೂತ ದೊಡ್ಡ ಉದ್ಯಮಕ್ಕೂ ಆಗ ಚಳಿ ಹಿಡಿಯಿತು.

11. ನೀರಿಗೂ ತೂಕವಿದೆ, ಬೆಲ್ಟಿಗೂ ಲೆಕ್ಕವಿದೆ

ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಗ ಸೊಸೆ, ಊರಿನಿಂದ ಬಂದ ಅಪ್ಪ ಅಮ್ಮನನ್ನು ಮೋಟರ್‌ಹೋಮಿನಲ್ಲಿ ಸುತ್ತಿಸುವುದು ಈಗ ಅಪರೂಪವಲ್ಲ. ಅಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿಗೆ ಒಟ್ಟು ತೂಕದ ಗಡಿ 3,500 ಕಿಲೊ. ಇಂಗ್ಲೆಂಡಿನಲ್ಲಿ 1997ರ ಜನವರಿಗೆ ಮೊದಲು ಪಾಸಾದ ಹಿರಿಯರಿಗೆ 7.5 ಟನ್ನಿನ ತನಕ ಅವಕಾಶ, ಆಮೇಲಿನವರಿಗಿಲ್ಲ. ಖಾಲಿ ಮೋಟರ್‌ಹೋಮೇ ಮೂರು ಟನ್ ಹತ್ತಿರ ತೂಗಿದರೆ ಉಳಿಯುವುದು ಐನೂರು ಕಿಲೊ. ನೂರು ಲೀಟರ್ ನೀರಿಗೆ ನೂರು ಕಿಲೊ, ನಾಲ್ಕು ಜನಕ್ಕೆ ಇನ್ನೂರೈವತ್ತು, ಗ್ಯಾಸ್, ಬಿಸಿಲು ತಡೆಯುವ ಚಪ್ಪರ, ಸೈಕಲ್ಲು, ಅಮ್ಮ ಜೊತೆಗೆ ತಂದ ಕುಕ್ಕರು ಮತ್ತು ಹತ್ತು ಕಿಲೊ ಸೋನಾ ಮಸೂರಿ. ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ನೀರನ್ನು ತಂಗುವ ಜಾಗದಲ್ಲಿ ತುಂಬಿಸಿಕೊಳ್ಳಿ, ದಾರಿಯುದ್ದ ಹೊರಬೇಡಿ.

ಇನ್ನೊಂದು. ‘ಆರು ಜನ ಮಲಗಬಹುದು’ ಎಂದರೆ ಆರು ಜನ ಪ್ರಯಾಣ ಮಾಡಬಹುದು ಎಂದಲ್ಲ. ಹಾಸಿಗೆ ಆರಿದ್ದು ಬೆಲ್ಟ್ ಇರುವ ಸೀಟು ನಾಲ್ಕೇ ಇರುವ ಗಾಡಿಗಳು ಎಷ್ಟೋ. ಬುಕ್ ಮಾಡುವಾಗ ಸೀಟ್ ಬೆಲ್ಟ್ ಎಣಿಸಿ.

12. ನಮ್ಮ ರಸ್ತೆಯಲ್ಲಿ ಮನೆಗಾಡಿ: ಟಿಟಿಯಿಂದ ಶುರು

ಭಾರತದಲ್ಲಿ ಈ ಕೆಲಸಕ್ಕೆ ಮೊದಲು ನೆನಪಾಗುವುದು ಟೆಂಪೊ ಟ್ರಾವೆಲರ್, ನಮ್ಮ ಬಾಯಲ್ಲಿ ಟಿಟಿ. ಹಿಂದೆ ಬಜಾಜ್ ಟೆಂಪೊ ಆಗಿದ್ದು 2005ರಲ್ಲಿ ಫೋರ್ಸ್ ಮೋಟರ್ಸ್ ಆದ ಕಂಪನಿ, ಮರ್ಸಿಡಿಸ್‌ನ ಹಳೆಯ ವ್ಯಾನಿನ ವಿನ್ಯಾಸವಿಟ್ಟುಕೊಂಡು 1987ರಲ್ಲಿ ಇದನ್ನು ತಂದಿತು. ತೀರ್ಥಯಾತ್ರೆ, ಮದುವೆ ದಿಬ್ಬಣ, ಐಟಿ ಕಂಪನಿಯ ಶಿಫ್ಟು ಎಂದು ರಾಜ್ಯದ ಉದ್ದಗಲಕ್ಕೂ ಓಡಿದ್ದರಿಂದ ಐದನೇ ಸೂತ್ರ ಇಲ್ಲಿ ತಾನಾಗಿ ಈಡೇರುತ್ತದೆ: ಯಾವ ಊರಿನಲ್ಲಿ ಕೆಟ್ಟರೂ ಬಿಚ್ಚಿ ಕಟ್ಟುವವರು ಸಿಗುತ್ತಾರೆ. ಒಳಗೆ ತಲೆ ತಾಗದಷ್ಟು ಎತ್ತರದ ಮಾದರಿಯೂ ಇದೆ. ಸ್ವಲ್ಪ ಹೆಚ್ಚು ಖರ್ಚಿಗೆ ತಯಾರಿದ್ದರೆ ಅದೇ ಕಂಪನಿಯ ಅರ್ಬೇನಿಯಾ ನೋಡಿ.

ಓಮ್ನಿ, ಈಕೋದ ಹಿಂದಿನ ಸೀಟು ಕಿತ್ತು ಹಲಗೆ ಹಾಸುವ ಹುಮ್ಮಸ್ಸು ಯುವಕರಲ್ಲಿ ಹೆಚ್ಚಿದೆ. ಕಳಚಿಡಬಹುದಾದ ಹಾಸಿಗೆ, ಡಬ್ಬಿ ಒಲೆ ಇಟ್ಟುಕೊಳ್ಳುವುದು ಬೇರೆ. ಮೇಲ್ಛಾವಣಿ ಕತ್ತರಿಸುವುದು, ಸೀಟಿನ ಸಂಖ್ಯೆ ಬದಲಿಸುವುದು ಬೇರೆ. ನೋಂದಣಿಯಲ್ಲಿ ಇರುವ ವಿವರಕ್ಕೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಮೋಟರ್ ಕ್ಯಾರವಾನಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ. ಕಟ್ಟಿಕೊಡುವವರು ಆ ಮಾನದಂಡದ ಒಪ್ಪಿಗೆ ಪತ್ರ ತೋರಿಸದಿದ್ದರೆ ಎದ್ದು ಬನ್ನಿ.

ಕಷ್ಟ ಇರುವುದು ಗಾಡಿಯಲ್ಲಲ್ಲ, ನಿಲ್ಲಿಸುವುದರಲ್ಲಿ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಎಂದು ನೀತಿ ತಂದಾಗ ಗಾಡಿಯ ಜೊತೆಗೆ ಕ್ಯಾರವಾನ್ ಪಾರ್ಕನ್ನೂ ಸೇರಿಸಿದ್ದು ಜಾಣತನ. ರಾತ್ರಿ ನಿಲ್ಲಲು ಕಾವಲಿರುವ ಜಾಗ, ನೀರು, ಕರೆಂಟು, ಕಕ್ಕಸಿನ ಟ್ಯಾಂಕು ಖಾಲಿ ಮಾಡುವ ಗುಂಡಿ ಇಲ್ಲದಿದ್ದರೆ ಎಂಥ ಗಾಡಿಯೂ ಮೂರನೇ ದಿನ ನಾರುತ್ತದೆ. ಬಾಡಿಗೆಗೆ ಬಿಡುವ ಯೋಚನೆಯಿದ್ದವರು ಗಾಡಿಗೆ ಮುಂಚೆ ಚಿಕ್ಕಮಗಳೂರು, ಕೊಡಗು, ಗೋಕರ್ಣದ ಕಡೆ ಅಂಗಳವಿರುವ ನಾಲ್ಕು ಹೋಂಸ್ಟೇ ಮಾಲೀಕರ ಜೊತೆ ಮಾತು ಮುಗಿಸಿಕೊಳ್ಳಿ.

13. ಶೋರೂಮಿಗೆ ಮೊದಲು ಸ್ಟ್ಯಾಂಡಿಗೆ ಹೋಗಿ

ಮಧ್ಯಾಹ್ನ ಎರಡರ ಹೊತ್ತಿಗೆ ಹೋಗಿ, ಬಾಡಿಗೆ ಕಡಿಮೆ ಇರುವ ಹೊತ್ತು. ಎರಡು ಟೀ ಹೇಳಿ. ಮೈಲೇಜ್ ಕೇಳಬೇಡಿ, ಎಲ್ಲರೂ ಎರಡು ಕಿಲೋಮೀಟರ್ ಸೇರಿಸಿಯೇ ಹೇಳುತ್ತಾರೆ. ಹೀಗೆ ಕೇಳಿ: ‘ಅಣ್ಣಾ, ಕ್ಲಚ್ ಪ್ಲೇಟ್ ಎಷ್ಟು ಸಾವಿರಕ್ಕೆ ಹಾಕಿಸಿದ್ರಿ? ಟೈರ್ ಎಷ್ಟು ತಿಂಗಳು ಬಂತು? ಕಳೆದ ವರ್ಷ ಎಷ್ಟು ದಿನ ಗಾಡಿ ನಿಂತಿತ್ತು? ಇದನ್ನ ಮಾರಿದ್ರೆ ಮತ್ತೆ ಇದನ್ನೇ ತಗೋತೀರಾ?’ ಕೊನೆಯ ಪ್ರಶ್ನೆಗೆ ಅವರು ಬಾಯಿ ತೆಗೆಯುವ ಮುಂಚೆ ಮುಖ ನೋಡಿ.

ಸಾಧ್ಯವಾದರೆ ಅದೇ ಮಾದರಿಯ ಗಾಡಿಯನ್ನು ಒಂದು ತಿಂಗಳು ಬಾಡಿಗೆಗೆ ಹಿಡಿದು ಓಡಿಸಿ. ಅಷ್ಟಾಗದಿದ್ದರೆ ಪರಿಚಯದವರ ಗಾಡಿಯಲ್ಲಿ ಒಂದು ವಾರ ಕ್ಲೀನರ್ ಸೀಟಿನಲ್ಲಿ ಕೂತು ಹೋಗಿ. ಸಾಮಾನು ಇಳಿಸುವಾಗ ನೀವೂ ಕೈಹಾಕಿ, ಚೀಟಿಯಲ್ಲಿ ಮೂರೇ ಮೂರು ಅಂಕಿ ಬರೆಯಿರಿ: ದಿನದ ಕಿಲೋಮೀಟರ್, ನಿಲುಗಡೆಗಳ ಸಂಖ್ಯೆ, ಅತಿ ಭಾರದ ಲೋಡಿನ ತೂಕ. ಮನೆಗಾಡಿಯ ಆಸೆಯಿದ್ದವರಾದರೆ ಎರಡು ರಾತ್ರಿಯ ಬಾಡಿಗೆ ಸಾಕು, ಅದರಲ್ಲಿ ಒಂದು ರಾತ್ರಿ ಮಳೆ ಬಂದರೆ ಇನ್ನೂ ಒಳ್ಳೆಯದು. ಸೇಲ್ಸ್‌ನವರು ಬ್ರೋಷರ್ ಬಿಡಿಸಿದಾಗ ನೀವು ನಿಮ್ಮ ಚೀಟಿ ಬಿಡಿಸಿ ಮಾತು ಶುರು ಮಾಡಿ.